ಹೊಲಿಗೆಯ ಒಳಮಗ್ಗುಲು

ಹೊಸ ಕಟಿಂಗ್ ಮಾಸ್ಟರ್ ಬಂದ ಮೊದಲ ದಿನ ಅವಳನ್ನು ಮೂಕಿ ಎಂದುಕೊಂಡ.

ತಪ್ಪು ಪೂರ್ತಿ ಅವನದಲ್ಲ. ಆ ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ಆಲ್ಟರೇಷನ್ ಕೋಣೆ ಇತ್ತು. ಕಿಟಕಿ ಇಲ್ಲ, ಮೂರು ಟ್ಯೂಬ್‌ಲೈಟು, ಎರಡು ಮಷೀನು, ಒಂದು ಉದ್ದನೆಯ ಕತ್ತರಿ ಮೇಜು. ಅವನು ಒಳಗೆ ಕಾಲಿಟ್ಟಾಗ ಅವಳು ಗೊಂಬೆಗೆ ತೊಡಿಸಿದ್ದ ಕೋಟಿನ ಅಂಚು ಹಿಡಿದು ಮಂಡಿಯೂರಿ ಕುಳಿತಿದ್ದಳು. ತುಟಿಗಳ ನಡುವೆ ಏಳೆಂಟು ಗುಂಡುಸೂಜಿ.

"ಹಿಂದಿನ ಮಾಸ್ಟ್ರು ಪ್ಯಾಟರ್ನ್ ಎಲ್ಲಿ ಇಡ್ತಿದ್ರು?" ಎಂದು ಕೇಳಿದ.

ಅವಳು ಗಲ್ಲದಿಂದ ಬೀರು ತೋರಿಸಿದಳು.

"ಬೀಗದ ಕೈ?"

ಹುಬ್ಬಿನಿಂದ ಮೊಳೆ ತೋರಿಸಿದಳು.

"ನಿಮ್ಮ ಹೆಸರು?"

"ಹ್ಞೂಂ" ಎಂದಳು.

ಅವನ ಮುಖ ಮೆತ್ತಗಾಯಿತು. ಅಲ್ಲಿಂದ ಮಧ್ಯಾಹ್ನ ಪೂರ್ತಿ ಅವಳೊಡನೆ ಕೈಸನ್ನೆಯಲ್ಲೇ ಮಾತಾಡಿದ. ಇಸ್ತ್ರಿಪೆಟ್ಟಿಗೆ ಬೇಕಾದಾಗ ಗಾಳಿಯಲ್ಲಿ ಅಂಗೈ ಓಡಿಸಿದ. ಕತ್ತರಿ ಕೇಳಲು ಎರಡು ಬೆರಳು ಕುಣಿಸಿದ. ಬಾಯಾರಿಕೆ ಎಂದು ಹೇಳುವಾಗ ಮಾತ್ರ ಸ್ವಲ್ಪ ಅತಿಯಾಯಿತು; ಮರುಭೂಮಿಯಲ್ಲಿ ತೆವಳುವವನ ಹಾಗೆ ನಾಲಿಗೆ ಹೊರಗೆ ಹಾಕಿದ.

ನಾಲ್ಕು ಗಂಟೆಗೆ ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿಕೊಂಡಳು. "ಟೀಗೆ ಸಕ್ಕರೆ ಎಷ್ಟು ಹಾಕ್ಲಿ ಮಾಸ್ಟ್ರೇ?"

ಅವನು ಕೈಯಲ್ಲಿದ್ದ ಸೀಮೆಸುಣ್ಣ ಬೀಳಿಸಿದ. "ನಿಮಗೆ ಮಾತು ಬರುತ್ತಾ?"

"ಬರುತ್ತೆ. ಡ್ಯಾನ್ಸ್ ಚೆನ್ನಾಗಿತ್ತು, ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಬಾಯಲ್ಲಿ ಸೂಜಿ ಇದ್ದಾಗಲೂ, ಇಲ್ಲದಾಗಲೂ ಚುಚ್ಚುತ್ತಾಳೆ ಎಂದು ಮೇಲಿನ ಮಹಡಿಯ ಹುಡುಗಿಯರು ನಗುತ್ತಿದ್ದರು.

ಅವಳಿಗೊಂದು ಅಭ್ಯಾಸವಿತ್ತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುಗಿಸಿ ಒಳಮಗ್ಗುಲು ನೋಡುವುದು. ಅದು ಅಮ್ಮನಿಂದ ಬಂದದ್ದು. ಅಮ್ಮ ಮನೆಯಲ್ಲೇ ಮಷೀನು ಇಟ್ಟುಕೊಂಡು ನಲವತ್ತು ವರ್ಷ ಹೊಲಿದವಳು. "ಮೇಲ್ಮೈ ಎಲ್ಲರಿಗೂ ತೋರಿಸೋದು ಕಣೇ. ಹೊಲಿದವನು ಹೇಗಿದ್ದಾನೆ ಅಂತ ಒಳಗಡೆ ನೋಡ್ಬೇಕು" ಎನ್ನುತ್ತಿದ್ದಳು. ಈಗ ಕಣ್ಣಿಗೆ ಪೊರೆ ಬಂದಿದ್ದರೂ ಬೆರಳಿನಿಂದಲೇ ಹೊಲಿಗೆ ಓದುತ್ತಿದ್ದಳು.

ಎರಡನೆಯ ವಾರ ಮಾಸ್ಟರು ತಾನೇ ಹೊಲಿದುಕೊಂಡಿದ್ದ ಜಾಕೆಟ್ ಕುರ್ಚಿಗೆ ಹಾಕಿ ಊಟಕ್ಕೆ ಹೋಗಿದ್ದ. ಮರಳಿ ಬಂದಾಗ ಅದರ ತೋಳು ಒಳಮಗ್ಗುಲು ಹೊರಗಾಗಿ ತಿರುಗಿತ್ತು; ಅವಳು ಟ್ಯೂಬ್‌ಲೈಟಿನ ಕೆಳಗೆ ಅದನ್ನು ಹಿಡಿದು ನಿಂತಿದ್ದಳು.

"ಏನು ಹುಡುಕ್ತಿದ್ದೀರಾ? ಜೇಬು ಆ ಕಡೆ ಇದೆ."

"ನಿಮ್ಮನ್ನ ನೋಡ್ತಾ ಇದ್ದೆ."

"ನಾನು ಇಲ್ಲಿದ್ದೀನಲ್ಲ."

"ಅದು ಮೇಲ್ಮೈ." ಅವಳು ತೋಳನ್ನು ನೆಟ್ಟಗೆ ಮಾಡಿ ಜಾಕೆಟನ್ನು ಅವನ ಕೈಗೆ ಕೊಟ್ಟಳು. "ಪಾಸ್. ಒಂದು ದಾರದ ತುದಿಯೂ ಹೊರಗೆ ಬಿಟ್ಟಿಲ್ಲ ನೀವು."

ಅವನ ಕಿವಿ ಕೆಂಪಾಯಿತು. ಆ ಕಿವಿಯನ್ನು ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ನೆನೆದಳು.

* * *

ಆ ವರ್ಷ ಮಾರಾಟದ ಹುಡುಗಿಯರಿಗೆ ಹೊಸ ಸಮವಸ್ತ್ರ ಬಂತು. ಬೂದು ಬಣ್ಣದ ಉದ್ದ ಸ್ಕರ್ಟು; ಸೊಂಟದಿಂದ ಮಂಡಿಗೆ ಮೈಗಂಟಿ, ಮಂಡಿಯಿಂದ ಪಾದದವರೆಗೆ ಇನ್ನೂ ಕಿರಿದು. ಚಿತ್ರ ಬರೆದುಕೊಟ್ಟವನು ಮ್ಯಾನೇಜರು. ಅದರ ಪ್ರಕಾರ ಬಟ್ಟೆ ಕತ್ತರಿಸಿದವನು ಮಾಸ್ಟರು. ಅಳತೆ ತೆಗೆಯಲು ಮೇಲೆ ಹೋಗಬೇಕಾದ್ದರಿಂದ ಗುಂಡುಸೂಜಿಗೂ ಅದೇ ಉಡುಪು.

"ನಡೆಯೋದು ಹೇಗೆ ಸರ್?" ಎಂದು ಕೇಳಿದವಳು ಚಪ್ಪಲಿ ಕೌಂಟರಿನ ಹುಡುಗಿ. ಅವಳ ಬಾಯಿಗೆ ಹೆದರಿ ಎಲ್ಲರೂ ಪಟಾಕಿ ಎನ್ನುತ್ತಿದ್ದರು.

"ಚಿಕ್ಕ ಚಿಕ್ಕ ಹೆಜ್ಜೆ ಇಡಮ್ಮ. ಗಿರಾಕಿಗೆ ನೋಡೋಕೆ ಲಕ್ಷಣ" ಎಂದ ಮ್ಯಾನೇಜರು.

"ಕೂರೋದು?"

"ಕೂರೋಕೆ ಯಾರು ಸಂಬಳ ಕೊಡ್ತಾರೆ?"

ಅಂಗಡಿಯಲ್ಲಿ ಹೆಣ್ಣುಮಕ್ಕಳಿಗೆ ಕುರ್ಚಿ ಇರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ನಿಲ್ಲಬೇಕು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಯಾರಾದರೂ ಹುಡುಗಿಗೆ ತಲೆ ಸುತ್ತಿದರೆ, ತಿಂಗಳ ನೋವಿದ್ದರೆ, ದೊಡ್ಡಕ್ಕ ಒಂದು ಸೀರೆಯನ್ನೋ ಹಾಸಿಗೆ ಹೊದಿಕೆಯನ್ನೋ ಅಗಲವಾಗಿ ಬಿಡಿಸಿ ಗಿರಾಕಿಗೆ ತೋರಿಸುತ್ತ ನಿಲ್ಲುತ್ತಿದ್ದಳು. ಅದರ ಹಿಂದೆ ಆ ಹುಡುಗಿ ಐದು ನಿಮಿಷ ಗೋಡೆಗೆ ಒರಗಿಕೊಳ್ಳಬಹುದಿತ್ತು. ಹೀಗೆ ಅವಳು ಇಪ್ಪತ್ತೆರಡು ವರ್ಷ ಬಟ್ಟೆ ಬಿಡಿಸಿದ್ದಳು.

ಹೊಸ ಸ್ಕರ್ಟು ಬಂದ ಹನ್ನೊಂದನೆಯ ದಿನ ದೊಡ್ಡಕ್ಕ ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲು ಇಳಿಯುತ್ತಿದ್ದಳು. ಒಂದು ಮೆಟ್ಟಿಲು ತಪ್ಪಿತು. ಕಾಲು ಅಗಲಿಸಿ ಸಾವರಿಸಿಕೊಳ್ಳಲು ಬಟ್ಟೆ ಬಿಡಲಿಲ್ಲ. ಸೊಂಟದ ಮೂಳೆ ಮುರಿಯಿತು. ನೋಡಿ ನಡೆಯಲಿಲ್ಲವೆಂದು ಬರೆದು, ಮ್ಯಾನೇಜರು ಅವಳನ್ನು ಕೆಲಸದಿಂದ ತೆಗೆದ.

ಮರುದಿನ ಗುಂಡುಸೂಜಿ ನೇರವಾಗಿ ಕತ್ತರಿ ಮೇಜಿನ ಮುಂದೆ ಬಂದು ನಿಂತಳು.

"ಇದನ್ನ ಕತ್ತರಿಸಿದ್ರಲ್ಲ, ಇದ್ರಲ್ಲಿ ಯಾವತ್ತಾದ್ರೂ ನಡೆದು ನೋಡಿದ್ದೀರಾ?"

"ನಾನಾ? ಸ್ಕರ್ಟಲ್ಲಾ?"

"ಸ್ಕರ್ಟ್ ಬೇಡ. ಟೇಪು ಸಾಕು."

ಅವನ ಕೊರಳಲ್ಲಿದ್ದ ಅಳತೆ ಟೇಪನ್ನು ಅವಳೇ ಎಳೆದುಕೊಂಡು ಅವನ ಮಂಡಿಗಳ ಸುತ್ತ ಬಿಗಿಯಾಗಿ ಕಟ್ಟಿದಳು. ಅವನು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಮೂರನೆಯದಕ್ಕೆ ಮುಗ್ಗರಿಸಿ ಮೇಜು ಹಿಡಿಯಲು ಹೋಗಿ ಅವಳ ಭುಜ ಹಿಡಿದ. ಇಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದರು. ಅವಳಿಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ದೊಡ್ಡಕ್ಕನಿಗಾಗಿ ಬಂದ ನೀರಾಯಿತು.

ಅವನು ಟೇಪು ಬಿಚ್ಚಲಿಲ್ಲ. ಹಾಗೇ ಕುಳಿತು, ತನ್ನ ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ.

"ಈಗ ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು."

ಅವಳು ಆ ಮಾತನ್ನು ನಂಬಿದಳು. ಪ್ರೀತಿ ಯಾವ ಗಳಿಗೆಯಲ್ಲಿ ಹುಟ್ಟಿತು ಎಂದು ಯಾರಾದರೂ ಕೇಳಿದ್ದರೆ, ಮಂಡಿಗೆ ಟೇಪು ಕಟ್ಟಿಕೊಂಡು ಕುಳಿತ ಆ ಮನುಷ್ಯನನ್ನು ಅವಳು ತೋರಿಸುತ್ತಿದ್ದಳು.

* * *

ಉಪಾಯ ಹೊಳೆದದ್ದು ಪಕ್ಕದ ಬೇಕರಿಯ ಮುಂದೆ. ಬೇಕರಿಯವನು ಹಿಟ್ಟಿನ ಮೂಟೆಯ ಬಾಯಿಯ ದಾರ ಹಿಡಿದು ಒಮ್ಮೆ ಎಳೆದ. ಸರ್ರನೆ ಇಡೀ ಹೊಲಿಗೆ ಬಿಚ್ಚಿಕೊಂಡಿತು. ಸರಪಳಿ ಹೊಲಿಗೆ. ಕೊಂಡಿಗೆ ಕೊಂಡಿ ಸಿಕ್ಕಿಸಿಕೊಂಡು ಹೋಗುವ ಅದು ಎಷ್ಟು ಭಾರವನ್ನಾದರೂ ತಡೆಯುತ್ತದೆ. ಆದರೆ ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಉಸಿರಿಗೆ ಬಿಚ್ಚುತ್ತದೆ.

ಅವಳು ಬ್ರೆಡ್ಡು ಮರೆತು ಓಡಿಬಂದಳು. ಓಡಿಬಂದಳು ಎಂದರೆ, ಆ ಸ್ಕರ್ಟಿನಲ್ಲಿ ಎಷ್ಟು ಓಡಲು ಸಾಧ್ಯವೋ ಅಷ್ಟು.

"ಪಕ್ಕದ ಹೊಲಿಗೆಯನ್ನ ಮಂಡಿಯಿಂದ ಕೆಳಗೆ ಬಿಚ್ತೀನಿ. ಒಳಗೆ ಮೂರು ಮೂಲೆಯ ಕೆಂಪು ಬಟ್ಟೆ ಮಡಿಸಿ ಇಡ್ತೀನಿ. ಮೇಲೆ ಸರಪಳಿ ಹೊಲಿಗೆ. ಹೊರಗಿಂದ ನೋಡಿದ್ರೆ ಮಾಮೂಲಿ ಸ್ಕರ್ಟು. ದಾರ ಎಳೆದ್ರೆ ಬೀಸಣಿಗೆ!" ಕತ್ತರಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ತೋರಿಸಿದಳು. "ವಾರ್ಷಿಕೋತ್ಸವದ ದಿನ ಮಾಲೀಕರು ಬರ್ತಾರಲ್ಲ, ಭಾಷಣ ಶುರುವಾದ ತಕ್ಷಣ ನಾವು ಹದಿನೆಂಟು ಜನ ಒಟ್ಟಿಗೆ ದಾರ ಎಳೀತೀವಿ. ದೊಡ್ಡ ಹೆಜ್ಜೆ ಹಾಕ್ಕೊಂಡು ಅಂಗಡಿ ಮಧ್ಯಕ್ಕೆ ಬಂದು ನೆಲದ ಮೇಲೆ ಕೂತ್ಕೋತೀವಿ. ಅಷ್ಟೇ. ಕೂಗಾಟ ಇಲ್ಲ. ಕೇಳೋದು ಮೂರೇ: ಸಡಿಲ ಬಟ್ಟೆ, ಒಂದೊಂದು ಸ್ಟೂಲು, ದೊಡ್ಡಕ್ಕ ವಾಪಸ್."

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ" ಎಂದ. ನಿಜಕ್ಕೂ ಚೆನ್ನಾಗಿತ್ತು, ಕಸುಬು ಗೊತ್ತಿದ್ದವನ ಕಣ್ಣು ಅದನ್ನು ಅಲ್ಲಗಳೆಯಲಾರದು. ಆಮೇಲೆ ಕೇಳಿದ, "ಕೆಲಸ ಹೋದ್ರೆ?"

"ಹದಿನೆಂಟು ಜನರನ್ನ ಒಟ್ಟಿಗೆ ತೆಗೀತಾರಾ?"

"ತೆಗೆದ್ರೆ? ಅಮ್ಮನ ಕಣ್ಣು?"

"ಅಮ್ಮನಿಗೆ ಹೇಳಿದೀನಿ. ಅಂಚಿನಲ್ಲಿ ಎರಡು ಇಂಚು ಜಾಸ್ತಿ ಬಿಡು ಅಂದಳು."

ಅವನು ನಗಲಿಲ್ಲ. ಆದರೆ ಮರುದಿನ ಅವಳ ಮಷೀನಿನ ಕೆಳಗೆ ಕೆಂಪು ಬಟ್ಟೆಯ ತುಂಡುಗಳ ಕಟ್ಟು ಇತ್ತು. ತ್ಯಾಜ್ಯದ ಚೀಲದಿಂದ ಆರಿಸಿ, ಇಸ್ತ್ರಿ ಮಾಡಿ, ಹದಿನೆಂಟು ಜೊತೆ ಮೂರು ಮೂಲೆ ಕತ್ತರಿಸಿ ಇಟ್ಟಿದ್ದ. ಅದನ್ನು ಎದೆಗೊತ್ತಿಕೊಂಡು ನಿಂತ ಅವಳಿಗೆ ಯಾರೂ ಇಷ್ಟು ಚೆಂದದ ಹೂಗುಚ್ಛ ಕೊಟ್ಟಿರಲಿಲ್ಲ.

ಊಟದ ಹೊತ್ತಿನಲ್ಲಿ ಹುಡುಗಿಯರು ಆಲ್ಟರೇಷನ್ ನೆಪದಲ್ಲಿ ಒಬ್ಬೊಬ್ಬರೇ ಕೆಳಗೆ ಬಂದರು. ಅವಳು ಹಳೆಯ ಸರಪಳಿ ಮಷೀನಿನಲ್ಲಿ ಹೊಲಿದು, ತಿರುಗಿಸಿ ಒಳಗಿನ ಕೊಂಡಿಗಳನ್ನು ನೋಡಿ, ದಾರದ ತುದಿ ಯಾವುದೆಂದು ಬೆರಳಿಗೆ ಮುಟ್ಟಿಸಿ ಹೇಳಿಕೊಟ್ಟಳು.

"ಆಗ ಬಿಚ್ಚದೇ ಹೋದ್ರೆ ನಿನ್ನ ಜಡೆ ಬಿಚ್ತೀನಿ ನೋಡು" ಎಂದಳು ಪಟಾಕಿ.

"ಬಿಚ್ಚದೇ ಹೋದ್ರೆ ನನ್ನ ಹೆಸರು ಬದಲಾಯಿಸು."

ಹದಿನೇಳು ಮುಗಿದವು. ಉಳಿದದ್ದು ಅವಳದೇ. ವಾರ್ಷಿಕೋತ್ಸವದ ಹಿಂದಿನ ದಿನ ಮಧ್ಯಾಹ್ನ ಅದಕ್ಕೆ ಕೈ ಹಾಕಿದಾಗ ದಣಿದ ಬೆರಳು ಜಾರಿ ಮಷೀನಿನ ಸೂಜಿ ಉಗುರಿನ ಮೂಲಕ ಆಚೆ ಹೊಕ್ಕಿತು.

"ರೀ!" ಎಂದು ಚೀರಿದಳು.

ಮಾಸ್ಟ್ರೇ ಎನ್ನಲಿಲ್ಲ. ಅದನ್ನು ಇಬ್ಬರೂ ಕೇಳಿಸಿಕೊಂಡರು.

ಅವನು ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಸೂಜಿ ಎತ್ತಿದ. ಬೆರಳನ್ನು ತೊಳೆದು, ಅತಿ ಮೆತ್ತನೆಯ ಬಟ್ಟೆ ಹುಡುಕಿ ಸುತ್ತಿದ.

"ನಿನ್ನದು ನಾನು ಹೊಲಿದು ಕೊಡ್ತೀನಿ" ಎಂದ. ಅವನೂ ನೀವು ಎನ್ನಲಿಲ್ಲ.

ಸಂಜೆ ಹೊತ್ತಿಗೆ ಸ್ಕರ್ಟು ಇಸ್ತ್ರಿಯಾಗಿ, ಮಡಿಸಿ, ಕಾಗದದಲ್ಲಿ ಸುತ್ತಿ ಅವಳ ಕೈಗೆ ಬಂತು. ಪಕ್ಕದ ಹೊಲಿಗೆಯ ಕೊನೆಯಲ್ಲಿ, ಹೇಳಿದ್ದ ಜಾಗದಲ್ಲೇ, ದಾರದ ತುದಿ ಇತ್ತು.

"ಬಿಗಿ ಆಗಿಲ್ಲ ತಾನೇ?"

"ನೀನೇ ನೋಡ್ಕೋ" ಎಂದ. ಹೇಳುವಾಗ ಅವನ ಕಣ್ಣು ಇಸ್ತ್ರಿಪೆಟ್ಟಿಗೆಯ ಮೇಲಿತ್ತು.

ಅವಳು ನೋಡಲಿಲ್ಲ.

ಬೆಳಗ್ಗೆ ಉಡುವಾಗ ಅಮ್ಮ ಮಂಚದಿಂದ ಕೈ ಚಾಚಿದಳು. "ಕೊಡು ಇಲ್ಲಿ, ಒಳಗಡೆ ಒಂದ್ಸಲ ಮುಟ್ಟಿ ನೋಡ್ತೀನಿ."

"ಬೇಡಮ್ಮ. ಅವರು ಹೊಲಿದಿದ್ದು."

"ಅದಕ್ಕೇ ಕೇಳ್ತಾ ಇರೋದು."

"ಅಮ್ಮಾ!" ಎಂದು ನಕ್ಕಳು. ತಿರುಗಿಸಿ ನೋಡಿದರೆ ಅವನಿಗೆ ಅವಮಾನ ಮಾಡಿದ ಹಾಗೆ ಎನ್ನಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಬಟ್ಟೆಯನ್ನು ಒಳಮಗ್ಗುಲು ನೋಡದೆ ಉಟ್ಟಳು. ಅಷ್ಟು ಸುಖವಾಗಿ ಅವಳು ಯಾವ ಬಟ್ಟೆಯನ್ನೂ ಉಟ್ಟಿರಲಿಲ್ಲ.

* * *

ಹನ್ನೊಂದು ಗಂಟೆಗೆ ಅಂಗಡಿ ತುಂಬಿತ್ತು. ಮಾಲೀಕರು, ಅವರ ಹೆಂಡತಿ, ಅತಿಥಿಗಳು, ಗಿರಾಕಿಗಳು. ಮೆಟ್ಟಿಲ ಬಳಿ ಮಾಸ್ಟರು ಕೈ ಕಟ್ಟಿ ನಿಂತಿದ್ದ. ಅವಳು ಜನರ ತಲೆಗಳ ಮೇಲಿನಿಂದ ಅವನ ಕಡೆ ನೋಡಿ, ಮೊದಲ ದಿನ ಅವನು ಬಾಯಾರಿಕೆಗೆ ಮಾಡಿದ್ದ ಸನ್ನೆ ಮಾಡಿದಳು. ಅವನು ನಗಲಿಲ್ಲ. ಹೆದರಿದ್ದಾನೆ ಪಾಪ, ಎಂದುಕೊಂಡಳು.

ಮಾಲೀಕರು ಮೈಕಿಗೆ ಬಾಯಿಟ್ಟು "ನಮ್ಮ ಈ ಕುಟುಂಬ" ಎಂದರು.

ಪಟಾಕಿ ಬಗ್ಗಿದಳು. ಸರ್ರ್. ಅವಳ ಬಲಮಗ್ಗುಲು ಕೆಂಪಗೆ ಅರಳಿತು. ಸರ್ರ್, ಎಡಮಗ್ಗುಲು. ಸುಗಂಧದ ಕೌಂಟರು, ಮಕ್ಕಳ ಬಟ್ಟೆ, ಪರದೆ ವಿಭಾಗ, ಬಿಲ್ಲಿನ ಕೌಂಟರು, ಎಲ್ಲೆಡೆ ಮೂಟೆ ಬಿಚ್ಚುವ ಆ ಸದ್ದು. ಬೂದು ಬಟ್ಟೆಯೊಳಗಿಂದ ಕೆಂಪು ಚಿಮ್ಮಿತು. ಹದಿನೇಳು ಹೆಣ್ಣುಮಕ್ಕಳು ಮಾರುದ್ದ ಹೆಜ್ಜೆ ಹಾಕುತ್ತ ಅಂಗಡಿಯ ನಡುವಿಗೆ ಬಂದರು. ಎಷ್ಟೋ ತಿಂಗಳಾಗಿತ್ತು ಅವರು ಹಾಗೆ ನಡೆದು. ಬಂದವರೇ ನೆಲದ ಮೇಲೆ ಕುಳಿತರು. ಕೆಂಪು ಬಟ್ಟೆ ಸುತ್ತಲೂ ಹರಡಿಕೊಂಡಿತು.

ಗುಂಡುಸೂಜಿ ದಾರದ ತುದಿ ಹಿಡಿದು ಎಳೆದಳು.

ದಾರ ಕೈಗೇ ಬಂತು. ಒಂದು ಬೆರಳಿನಷ್ಟು ಉದ್ದ, ಅಷ್ಟೇ. ಅದು ಹೊಲಿಗೆಯ ದಾರವಲ್ಲ. ಮೇಲೆ ಸುಮ್ಮನೆ ಸಿಕ್ಕಿಸಿದ್ದ ತುಂಡು.

ಇನ್ನೊಂದು ಮಗ್ಗುಲು. ಅಲ್ಲೂ ಅಷ್ಟೇ.

ಬೆರಳನ್ನು ಅಂಚಿನೊಳಗೆ ತೂರಿಸಿದಳು. ಕೊಂಡಿಗಳು ಸಿಗಲಿಲ್ಲ. ನಯವಾದ, ಒತ್ತೊತ್ತಾದ, ಇಂಚಿಗೆ ಹನ್ನೆರಡರಂತೆ ಹಾಕಿದ ಗಟ್ಟಿ ಹೊಲಿಗೆ. ಅದರ ಮೇಲೆ ಇನ್ನೊಂದು ಸಾಲು. ಒಂದು ದಾರದ ತುದಿಯೂ ಹೊರಗೆ ಬಿಡದ ಕೈ ಯಾರದೆಂದು ಬೆರಳಿಗೆ ತಿಳಿಯಿತು.

ಮಂಡಿ ಮಡಿಸಿ ಕೂರಲು ನೋಡಿದಳು. ಬಟ್ಟೆ ಬಿಡಲಿಲ್ಲ. ಕುಳಿತ ಹದಿನೇಳು ಜನರ ನಡುವೆ ಅವಳೊಬ್ಬಳೇ, ಅಚ್ಚುಕಟ್ಟಾಗಿ, ಬೂದು ಬಣ್ಣದ ಕಡ್ಡಿಯ ಹಾಗೆ ನಿಂತಿದ್ದಳು.

ಪಟಾಕಿ ತಲೆ ಎತ್ತಿ ಅವಳನ್ನು ನೋಡಿದಳು. ಮೊದಲು ಅವಸರದಿಂದ, ಆಮೇಲೆ ಅರ್ಥವಾಗದೆ, ಆಮೇಲೆ ಅರ್ಥವಾದವಳ ಹಾಗೆ.

"ಯಾರು ಇದನ್ನ ಹೊಲಿದಿದ್ದು?" ಮ್ಯಾನೇಜರು ಅರಚಿದ.

"ನಾನು ಸರ್" ಎಂದಳು ಗುಂಡುಸೂಜಿ. "ಎಲ್ಲಾ ನಾನೇ ಹೊಲಿದಿದ್ದು. ಅವರದ್ದೇನೂ ತಪ್ಪಿಲ್ಲ."

"ಇಲ್ಲ ಸರ್." ಮಾಸ್ಟರು ಮೆಟ್ಟಿಲಿನಿಂದ ಮುಂದೆ ಬಂದ. ಅವನ ಧ್ವನಿ ಎಷ್ಟು ಶಾಂತವಾಗಿತ್ತೆಂದರೆ ಎಲ್ಲರೂ ತಿರುಗಿದರು. "ಸ್ನೇಹಿತೆಯರನ್ನ ಉಳಿಸೋಕೆ ಹಾಗೆ ಹೇಳ್ತಿದ್ದಾಳೆ. ಇವಳು ಮೊದಲಿಂದ ಬೇಡ ಅಂದವಳು. ನೀವೇ ನೋಡಿ, ಇವಳ ಸ್ಕರ್ಟು ಮಾಮೂಲಿನೇ ಇದೆ."

ಎಲ್ಲರೂ ನೋಡಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳ ಮೈಮೇಲೇ ಅದನ್ನು ಹೊಲಿದು ಇಟ್ಟಿದ್ದ.

ಮಾಲೀಕರು ಮೈಕಿನಲ್ಲೇ ಹೇಳಿದರು, "ಈ ಹುಡುಗೀನ ನೋಡಿ ಕಲೀರಿ. ಇವಳು ನಮ್ಮವಳು."

"ಸುಳ್ಳು!" ಎಂದಳು ಅವಳು. ಆದರೆ ಹದಿನೇಳು ಜನರಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕಾವಲಿನವರು ಬಂದು ಒಬ್ಬೊಬ್ಬರನ್ನೇ ತೋಳು ಹಿಡಿದು ಎಬ್ಬಿಸುತ್ತಿದ್ದರು. ಪಟಾಕಿ ತಾನೇ ಎದ್ದಳು. ಅವಳ ಮುಂದೆ ಬಂದು ನಿಂತಳು.

"ನಮ್ಮನ್ನೆಲ್ಲಾ ಬಿಚ್ಚಿಸಿ, ನೀನು ಮುಚ್ಕೊಂಡು ನಿಂತ್ಯಲ್ಲೇ."

"ನಾನು ನೋಡ್ಲಿಲ್ಲ ಕಣೇ... ಒಳಗಡೆ ನೋಡ್ಲಿಲ್ಲ..."

"ನೀನಾ?" ಪಟಾಕಿ ನಕ್ಕಳು. ಆ ನಗುವಿನಲ್ಲಿ ಬೆಂಕಿ ಇರಲಿಲ್ಲ; ಬೂದಿ ಇತ್ತು. "ಗಿರಾಕಿಗಳ ಕರ್ಚೀಫೂ ತಿರುಗಿಸಿ ನೋಡೋಳು, ನೀನು ನೋಡ್ಲಿಲ್ವಾ?"

ನಿಜ ಹೇಳಿದರೂ ನಂಬುವಂತಿರಲಿಲ್ಲ.

ಅವಳು ಮೆಟ್ಟಿಲ ಕಡೆ ತಿರುಗಿದಳು. ಕೆಳಗೆ ಅವಳ ಕತ್ತರಿ ಇತ್ತು. ಕತ್ತರಿ ತಂದು ಇವರೆಲ್ಲರ ಮುಂದೆ ಸೀಳಿಕೊಳ್ಳಬೇಕು, ಬಾಗಿಲು ದಾಟುವ ಮೊದಲು, ಅವರು ನೋಡಬೇಕು. ಓಡಿದಳು. ಬಟ್ಟೆ ಓಡಲು ಬಿಡಲಿಲ್ಲ. ದೊಡ್ಡಕ್ಕ ಬಿದ್ದ ಅದೇ ಮೆಟ್ಟಿಲುಗಳ ಮೇಲೆ, ಪಕ್ಕದ ಕಂಬಿ ಹಿಡಿದು, ಗೇಣುದ್ದದ ಹೆಜ್ಜೆ ಇಡುತ್ತ, ಒಂದೊಂದೇ ಮೆಟ್ಟಿಲು ಇಳಿದಳು. ಗಿರಾಕಿಗೆ ನೋಡಲು ಲಕ್ಷಣವಾಗಿ.

* * *

ಅವನು ಹಿಂದೆಯೇ ಬಂದ. ಅವನಿಗೆ ಮೆಟ್ಟಿಲು ಇಳಿಯಲು ಎಷ್ಟು ಹೊತ್ತು!

"ಕೇಳು ಇಲ್ಲಿ. ಒಂದ್ನಿಮಿಷ ಕೇಳು. ಅವರೆಲ್ಲರನ್ನೂ ತೆಗೆದ್ರು. ಹದಿನೇಳು ಜನಾನೂ. ನೀನೂ ಅವರಲ್ಲಿ ಒಬ್ಬಳಾಗ್ತಿದ್ದೆ. ಅಮ್ಮನ ಆಪರೇಷನ್ ಮುಂದಿನ ತಿಂಗಳು... ನನಗೆ ಬೇರೆ ದಾರಿ ಗೊತ್ತಾಗ್ಲಿಲ್ಲ. ನೀನು ಅಂದ್ರೆ ನನಗೆ ಪ್ರಾಣ ಕಣೇ. ಹೇಳೋಕೆ ಎಷ್ಟು ದಿನದಿಂದ..."

ಈ ಮಾತನ್ನು ಕೇಳಲು ಅವಳು ಎಷ್ಟು ದಿನದಿಂದ ಕಾದಿದ್ದಳು. ಯಾವ ದಿನ, ಯಾವ ಹೊತ್ತಿನಲ್ಲಿ ಹೇಳುತ್ತಾನೆ, ಆಗ ತನ್ನ ಬಾಯಲ್ಲಿ ಸೂಜಿ ಇದ್ದರೆ ಏನು ಗತಿ ಎಂದೆಲ್ಲ ಯೋಚಿಸಿ ಒಬ್ಬಳೇ ನಕ್ಕಿದ್ದಳು. ಮಾತು ಬಂತು. ಬಂದದ್ದು ಹೀಗೆ.

"ಮಂಡಿಗೆ ಟೇಪು ಕಟ್ಟಿದ ದಿನ ಗೊತ್ತಾಯ್ತು ಅಂದ್ರಿ" ಎಂದಳು.

"ಗೊತ್ತಾಗಿತ್ತು."

"ಗೊತ್ತಿದ್ದೂ ಹೊಲಿದ್ರಿ."

"ನಿನ್ನ ಒಳ್ಳೇದಕ್ಕೆ..."

"ಮ್ಯಾನೇಜರೂ ಅದನ್ನೇ ಹೇಳ್ತಾನೆ, ಲಕ್ಷಣ ಅಂತ." ಅವಳು ಮೇಜಿನ ಮೇಲಿಂದ ಕತ್ತರಿ ತೆಗೆದುಕೊಂಡಳು. "ಕೇಳಬಹುದಿತ್ತಲ್ಲ? ನನಗೆ ಹೆದರಿಕೆ ಆಗ್ತಿದೆ, ನೀನು ಹೋಗ್ಬೇಡ ಅಂತ ಒಂದು ಮಾತು. ಜಗಳ ಆಡ್ತಿದ್ದೆ. ಅತ್ತುಬಿಡ್ತಿದ್ದೆ. ಆದರೆ ಆ ಜಗಳ ನನ್ನದಾಗಿರ್ತಿತ್ತು."

ಅವನು ಮುಂದೆ ಬಂದು ಅವಳ ಪಾದದ ಬಳಿ ಮಂಡಿಯೂರಿದ. "ಕೊಡು. ಬಟ್ಟೆ ಹಾಳಾಗುತ್ತೆ. ನಾನೇ ಬಿಚ್ತೀನಿ, ಒಂದೊಂದೇ ಹೊಲಿಗೆ."

"ಅಷ್ಟು ಹೊತ್ತು ಇಲ್ಲ" ಎಂದಳು.

ಅಂಚಿನೊಳಗೆ ಕತ್ತರಿಯ ಬಾಯಿ ತೂರಿಸಿ ಮೇಲಕ್ಕೆ ಒತ್ತಿದಳು. ಬಟ್ಟೆ ಸೀಳುತ್ತಾ ಬಂತು. ಒಳಗೆ ಅವನು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಕೆಂಪು ತುಂಡು, ಅವಳು ಎದೆಗೊತ್ತಿಕೊಂಡಿದ್ದ ಅದೇ ತುಂಡು, ಅರ್ಧ ಸೀಳಿ ಹೊರಗೆ ಬಂತು. ಅವನು ಅದನ್ನೂ ಒಳಗೆ ಇಟ್ಟೇ ಹೊಲಿದಿದ್ದ. ಅವಳಿಗೆ ಆ ಕ್ಷಣದಲ್ಲಿ ಅವನ ಮೇಲೆ ಬಂದ ಕರುಣೆಯೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

ಮುಂಬಾಗಿಲಿನ ಶಟರು ಅರ್ಧ ಇಳಿದಿತ್ತು. ಹದಿನೇಳು ಜನ ಆಗಲೇ ಹೊರಗಿದ್ದರು. ಶಟರಿನ ಕೆಳಗಿನಿಂದ ಕೆಂಪು ಅಂಚುಗಳು ಮಾತ್ರ ಕಾಣುತ್ತಿದ್ದವು, ದೊಡ್ಡ ಹೆಜ್ಜೆ ಹಾಕುತ್ತ ದೂರ ಹೋಗುತ್ತಿದ್ದ ಕಾಲುಗಳು. ಅವಳು ಬಗ್ಗಿ ಶಟರಿನ ಕೆಳಗೆ ನುಸುಳಿ ಹೊರಗೆ ಬರುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಯಾರೂ ಇರಲಿಲ್ಲ.

ಅವಳು ಮತ್ತೆ ಒಳಗೆ ಹೋಗಲಿಲ್ಲ.

ಮನೆಯಲ್ಲಿ ಅಮ್ಮ ಸೀಳಿದ ಸ್ಕರ್ಟನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿ ತಾಗದೆ ಉಳಿದಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಎಂಥಾ ಕೈ!" ಎಂದಳು ಕೊನೆಗೆ. "ಎರಡು ಸಾಲು ಹಾಕಿದ್ದಾನೆ. ಜನ್ಮದಲ್ಲಿ ಬಿಚ್ಚೋದಿಲ್ಲ ಇದು. ತುಂಬಾ ಪ್ರೀತಿಯಿಂದ ಹೊಲಿದಿದ್ದಾನೆ ಕಣೇ."

ಮಗಳು ಅಮ್ಮನ ಮಡಿಲಲ್ಲಿ, ಆ ಬಟ್ಟೆಯ ಮೇಲೇ ಮುಖವಿಟ್ಟು ಅತ್ತಳು.

* * *

ದೊಡ್ಡಕ್ಕನ ಆರೈಕೆಗೆ ಬಂದಿದ್ದ ಪಟಾಕಿ ಆ ಮನೆಯ ಬಾಗಿಲನ್ನು ಎರಡು ಬಾರಿ ಗುಂಡುಸೂಜಿಯ ಮುಖಕ್ಕೇ ಹಾಕಿದಳು. ಮೂರನೆಯ ದಿನ ಅವಳು ಸೀಳಿದ ಸ್ಕರ್ಟನ್ನೇ ಉಟ್ಟುಕೊಂಡು ಹೋದಳು. ಒಳಗೆ ಮಂಚದಲ್ಲಿದ್ದ ದೊಡ್ಡಕ್ಕ ಬಾಗಿಲ ಸಂದಿಯಿಂದ ಆ ಬಟ್ಟೆಯನ್ನು ನೋಡಿದಳು.

"ಒಳಗೆ ಬಿಡೇ ಅವಳನ್ನ. ಇವಳಂಥ ಟೈಲರು ಬಟ್ಟೆನ ಹಾಗೆ ಸೀಳಬೇಕಾದ್ರೆ ಎಷ್ಟು ಉರಿದಿರ್ಬೇಕು."

ಯಾರು ಹೊಲಿದರೆಂದು ಅವಳು ಹೇಳಲಿಲ್ಲ. ದೊಡ್ಡಕ್ಕ ಕೇಳಲೂ ಇಲ್ಲ. ಕಾಲು ಸರಿಸಿ ಮಂಚದ ಅಂಚಿನಲ್ಲಿ ಕೂರಲು ಜಾಗ ಮಾಡಿಕೊಟ್ಟಳು.

ಈಗ ದೊಡ್ಡಕ್ಕನ ಮುಂದಿನ ಕೋಣೆಯಲ್ಲಿ ಎರಡು ಮಷೀನು ಓಡುತ್ತವೆ. ಒಂದು ಅಮ್ಮನ ಹಳೆಯದು. ಅಲ್ಲಿ ಹೊಲಿಯುವುದು ಒಂದೇ ಥರದ ಸ್ಕರ್ಟು: ಬೂದು ಬಟ್ಟೆ, ಮಗ್ಗುಲಲ್ಲಿ ಬಚ್ಚಿಡದೆ ತೆರೆದಿಟ್ಟ ಕೆಂಪು. ಬಸ್ಸು ಹತ್ತುವವರು, ಆಸ್ಪತ್ರೆಯ ನರ್ಸುಗಳು, ಸೈಕಲ್ ಹೊಡೆಯುವ ಕಾಲೇಜು ಹುಡುಗಿಯರು ಹುಡುಕಿಕೊಂಡು ಬರುತ್ತಾರೆ. ಹದಿನೇಳರಲ್ಲಿ ಆರು ಜನ ಅಲ್ಲಿದ್ದಾರೆ. ಉಳಿದವರು ಬೀದಿಯಲ್ಲಿ ಕಂಡರೆ ಈಗಲೂ ರಸ್ತೆ ದಾಟುತ್ತಾರೆ. ಪಟಾಕಿ ಅವಳೊಡನೆ ಮಾತಾಡುವುದಿಲ್ಲ. ಆದರೆ ದಿನಾ ನಾಲ್ಕು ಗಂಟೆಗೆ ಅವಳ ಮಷೀನಿನ ಪಕ್ಕದಲ್ಲಿ ಟೀ ಲೋಟ ಇಟ್ಟು ಹೋಗುತ್ತಾಳೆ. ಸಕ್ಕರೆ ಸರಿಯಾಗಿಯೇ ಹಾಕಿರುತ್ತಾಳೆ.

ಒಂದು ಮಧ್ಯಾಹ್ನ ಮಾಸ್ಟರು ಬಂದ. ಉಳಿದವರು ಊಟಕ್ಕೆ ಹೋಗಿದ್ದರು. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮ ಮಾತ್ರ ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದಳು. ಅವನು ಸೊರಗಿದ್ದ.

"ಅಂಗಡೀಲಿ ಸ್ಟೂಲ್ ಕೊಟ್ಟಿದ್ದಾರೆ" ಎಂದ ಹೊಸ್ತಿಲಲ್ಲೇ ನಿಂತು. "ಹೊಸ ಹುಡುಗೀರಿಗೆ. ಸ್ಕರ್ಟೂ ಅಗಲ ಮಾಡಿಸಿದ್ರು. ಅವತ್ತಿನ ಸುದ್ದಿ ಪೇಪರಲ್ಲಿ ಬಂತಲ್ಲ, ಅದಕ್ಕೆ."

ಗೆದ್ದಿದ್ದರು. ಗೆದ್ದದ್ದನ್ನು ಉಡಲು ಗೆದ್ದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

"ಇದು ನಿನಗೆ." ಕಾಗದದ ಪೊಟ್ಟಣ ಮುಂದೆ ಚಾಚಿದ. "ಹೊಸದು. ನಾನೇ ಹೊಲಿದೆ. ಸರಪಳಿ ಹೊಲಿಗೆ."

ಅವಳು ಪೊಟ್ಟಣ ಬಿಚ್ಚಿದಳು. ಕೈಗೆ ಹಿತವಾದ ಬಟ್ಟೆ, ಅವಳ ಅಳತೆ, ನೆನಪಿನಿಂದಲೇ ತೆಗೆದದ್ದು, ಒಂದು ನೂಲಿನಷ್ಟೂ ತಪ್ಪಿಲ್ಲದೆ. ಅವನ ಕಣ್ಣು ಅವಳ ಮುಖದ ಮೇಲಿತ್ತು. ಅವಳು ಒಮ್ಮೆ ಅದನ್ನು ಕೆನ್ನೆಗೆ ಒತ್ತಿಕೊಂಡಿದ್ದರೆ ಸಾಕಿತ್ತು.

ಅವಳು ಎದ್ದು ಬೆಳಕಿನ ಬಳಿಗೆ ಹೋದಳು. ಸ್ಕರ್ಟನ್ನು ತಿರುಗಿಸಿದಳು. ಸೊಂಟದ ಪಟ್ಟಿಯಿಂದ ಶುರುಮಾಡಿ, ಬಲಮಗ್ಗುಲು, ಅಂಚು, ಎಡಮಗ್ಗುಲು, ಬೆರಳಿಟ್ಟು, ಕಣ್ಣಿಟ್ಟು, ಒಂದೊಂದು ಕೊಂಡಿಯನ್ನೂ ನೋಡಿದಳು. ದಾರದ ತುದಿ ಹಿಡಿದು ಸ್ವಲ್ಪ ಎಳೆದು ಪರೀಕ್ಷಿಸಿದಳು. ಒಂದನ್ನೂ ಬಿಡಲಿಲ್ಲ.

ಹೊಸ್ತಿಲಲ್ಲಿ ನಿಂತವನು ಅಷ್ಟು ಹೊತ್ತೂ ನೋಡುತ್ತಿದ್ದ. ಅವಳು ಎಡಮಗ್ಗುಲಿಗೆ ಬರುವಷ್ಟರಲ್ಲಿ ಅವನಿಗೆ ಎಲ್ಲಾ ಅರ್ಥವಾಗಿತ್ತು.

"ಚೆನ್ನಾಗಿದೆ ಮಾಸ್ಟ್ರೇ" ಎಂದಳು. ಬಟ್ಟೆಯನ್ನು ನೆಟ್ಟಗೆ ಮಾಡಿ, ಮಡಿಸಿ, ಅದೇ ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಸೂಜಿ ಹೊಕ್ಕಿದ್ದ ಉಗುರು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಅವನು ಅದನ್ನು ನೋಡಿದ. "ಎಲ್ಲೂ ತಪ್ಪಿಲ್ಲ" ಎಂದಳು ಅವಳು.

ಅವಳು ಮರಳಿ ಗೊಂಬೆಯ ಮುಂದೆ ಮಂಡಿಯೂರಿ ಕುಳಿತು, ಮಣಿಕಟ್ಟಿನಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತುಟಿಗಳ ನಡುವೆ ಇಟ್ಟುಕೊಂಡಳು.

"ಮತ್ತೆ ಯಾವತ್ತಾದ್ರೂ... ಬರಲಾ?" ಎಂದ ಅವನು.

ಉತ್ತರ ಕೊಡಬೇಕಾದರೆ ಏಳು ಸೂಜಿ ತೆಗೆಯಬೇಕಿತ್ತು. ಅವಳು ತೆಗೆಯಲಿಲ್ಲ. ಅಂಚನ್ನು ಮಡಿಸಿ ಮೊದಲನೆಯದನ್ನು ಚುಚ್ಚಿದಳು. ಅವನು ಪೊಟ್ಟಣವನ್ನು ಕಂಕುಳಲ್ಲಿ ಇರಿಸಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೋದ.

"ಯಾರೇ ಬಂದಿದ್ದು?" ಎಂದು ಕೇಳಿದಳು ಅಮ್ಮ.

"ಹ್ಞೂಂ" ಎಂದಳು ಗುಂಡುಸೂಜಿ.